ಜಗ್ಗದ ಕುರು, ಜೋಪಾನದ ಮಾತ್ರೆ

ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನ ಮೇಜಿನ ಮೇಲೆ ಅಂಗೈ ಅಗಲದ ಒಂದು ತಟ್ಟೆ. ಅದರಲ್ಲಿ ತಿಳಿಹಳದಿ ಬಣ್ಣದ ಅಗರ್. ಯಾರದೋ ತೊಡೆಯ ಮೇಲೆದ್ದ ಕುರುವಿನ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಅದರ ಮೇಲೆಲ್ಲ ತೆಳ್ಳಗೆ ಸವರಿದ್ದಾರೆ. ಬೇರೆ ಬೇರೆ ಔಷಧ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಟ್ಟು, 35 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಬಿಟ್ಟಿದ್ದಾರೆ. ಬೆಳಗ್ಗೆ ತೆಗೆದು ಬೆಳಕಿಗೆ ಹಿಡಿದರೆ ತಟ್ಟೆಯ ತುಂಬ ಮಸುಕು ಪದರ. ಔಷಧ ನಾಟಿದ ಕಡೆ ಮಾತ್ರ ಬಿಲ್ಲೆಯ ಸುತ್ತ ಏನೂ ಬೆಳೆಯದ ದುಂಡನೆಯ ಬಯಲು. ಸೆಫಾಕ್ಸಿಟಿನ್ ಎಂಬ ಬಿಲ್ಲೆಯ ಸುತ್ತಲಿನ ಬಯಲಿಗೆ ಅಳತೆಪಟ್ಟಿ ಇಟ್ಟು ನೋಡುತ್ತಾರೆ. 22 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಹಳೆಯ ಔಷಧಗಳೇ ಸಾಕು. 21 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವರದಿಯಲ್ಲಿ ಎಂಆರ್‌ಎಸ್‌ಎ ಎಂದು ಬರೆಯುತ್ತಾರೆ.

ಆ ಹೆಸರು ಕಂಡೊಡನೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಮೆಥಿಸಿಲಿನ್‌ಗೆ ಜಗ್ಗದ ಸ್ಟೆಫಿಲೊಕಾಕಸ್ ಆರಿಯಸ್ ಎನ್ನುವುದು ಅದರ ಪೂರ್ಣ ರೂಪ. ಸ್ಟೆಫಿಲೊಕಾಕಸ್ ನಮಗೆ ಹೊಸಬನಲ್ಲ. ಆರೋಗ್ಯವಂತರಲ್ಲೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಅದು ತಣ್ಣಗೆ ವಾಸವಾಗಿರುತ್ತದೆ. ಕ್ಷೌರದ ಗಾಯವೋ ಸೊಳ್ಳೆ ಕಚ್ಚಿ ಕೆರೆದ ಜಾಗವೋ ಸಿಕ್ಕರೆ ಒಳನುಗ್ಗಿ ಕೀವು ಕಟ್ಟಿಸುತ್ತದೆ. 1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವಿನಲ್ಲಿ ಅದನ್ನು ಮೈಕ್ರೋಸ್ಕೋಪಿನಡಿ ಗುರುತಿಸಿದರು. ಪೆನಿಸಿಲಿನ್ ಬಂದ ಕೆಲವೇ ವರ್ಷಗಳಲ್ಲಿ ಅದನ್ನು ತುಂಡರಿಸುವ ಕಿಣ್ವವನ್ನು ಈ ಜೀವಿ ಕಲಿತುಕೊಂಡಿತು. ಆ ಕಿಣ್ವಕ್ಕೆ ಬಗ್ಗದ ಮೆಥಿಸಿಲಿನ್ ಬ್ರಿಟನ್ನಿನಲ್ಲಿ ಬಳಕೆಗೆ ಬಂದು ಎರಡು ವರ್ಷ ಕಳೆಯುವುದರೊಳಗೆ, 1961ರಲ್ಲಿ, ಅದಕ್ಕೂ ಜಗ್ಗದ ತಳಿಗಳನ್ನು ಪೆಟ್ರೀಷಿಯಾ ಜೆವನ್ಸ್ ವರದಿ ಮಾಡಿದರು.

ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವುದು ಪೆನಿಸಿಲಿನ್ ಕುಟುಂಬದ ಕೆಲಸ. ಎಂಆರ್‌ಎಸ್‌ಎ ಬಳಿ ಮೆಕ್-ಎ ಎಂಬ ಹೆಚ್ಚುವರಿ ಜೀನ್ ಇದೆ. ಅದರಿಂದ ತಯಾರಾಗುವ ಇನ್ನೊಂದು ಕಿಣ್ವಕ್ಕೆ ಈ ಔಷಧಗಳು ಸರಿಯಾಗಿ ಅಂಟುವುದಿಲ್ಲ, ಗೋಡೆ ಕಟ್ಟುವ ಕೆಲಸ ನಿಲ್ಲುವುದಿಲ್ಲ. ಹಾಗಾಗಿ ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಸೆಫಾಲೆಕ್ಸಿನ್, ಸೆಫಿಕ್ಸಿಮ್ ಎಲ್ಲವೂ ಒಟ್ಟಿಗೇ ಕೈಕೊಡುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಣ್ಗಾವಲು ಜಾಲದ ಆಸ್ಪತ್ರೆಗಳಲ್ಲಿ ಸಿಗುವ ಸ್ಟೆಫಿಲೊಕಾಕಸ್ ಆರಿಯಸ್ ತಳಿಗಳಲ್ಲಿ ಇಂಥವುಗಳ ಪಾಲು ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ ನಲವತ್ತನ್ನು ದಾಟಿದೆ. ಇದು ದೊಡ್ಡ ಆಸ್ಪತ್ರೆಗಳಿಗೆ ಬಂದವರ ಲೆಕ್ಕ. ನೆರೆಮನೆಯ ಹುಡುಗನ ಮೊಣಕೈ ಮೇಲಿನ ಕುರುವಿಗೆ ನೇರವಾಗಿ ಅನ್ವಯಿಸದು. ಆದರೂ ಸಣ್ಣ ಸಂಖ್ಯೆಯೇನಲ್ಲ.

ಇನ್ನು ಮೆಡಿಕಲ್ ಶಾಪಿನ ಕಟ್ಟೆಗೆ ಬನ್ನಿ. "ಅಣ್ಣಾ, ಕುರು ಎದ್ದಿದೆ, ಕೂರೋಕೂ ಆಗ್ತಿಲ್ಲ. ಹೋದ ಸಲದ್ದು ಹಿಡೀಲಿಲ್ಲ, ಸ್ವಲ್ಪ ಸ್ಟ್ರಾಂಗಾಗಿರೋದು ಕೊಡಿ" ಎಂಬ ಮಾತು ಯಾವ ಊರಿನಲ್ಲಿ ಕೇಳಿಸುವುದಿಲ್ಲ? ಚೀಟಿ ಇಲ್ಲ, ಪರೀಕ್ಷೆ ಇಲ್ಲ, ನಾಲ್ಕು ಮಾತ್ರೆ ಕತ್ತರಿಸಿ ಕವರಿಗೆ ಹಾಕಿದರೆ ವ್ಯವಹಾರ ಮುಗಿಯಿತು. ಆ್ಯಂಟಿಬಯಾಟಿಕ್ ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ನುಂಗಬೇಡಿ ಎಂದು ಅದರ ಅರ್ಥ. 2016ರಲ್ಲಿ ಕೇಂದ್ರ ಸರ್ಕಾರ ಈ ಗೆರೆಯ ಬಗ್ಗೆ ಪ್ರಚಾರವನ್ನೂ ಮಾಡಿತು. ಕೊಳ್ಳುವವರಲ್ಲಿ ಎಷ್ಟು ಜನ ಅದನ್ನು ಗಮನಿಸುತ್ತಾರೆ?

"ಸ್ಟ್ರಾಂಗ್" ಎಂಬ ಈ ಬೇಡಿಕೆಯೇ ನನ್ನ ಮಟ್ಟಿಗೆ ಎಲ್ಲ ತೊಂದರೆಯ ಮೂಲ. ಜಗ್ಗದ ಬ್ಯಾಕ್ಟೀರಿಯಾಕ್ಕೆ ಬೇಕಿರುವುದು ಅದಕ್ಕೆ ನಾಟುವ ಔಷಧ. ಜೊತೆಗೆ ಅದು ನುಂಗುವವರ ದೇಹಕ್ಕೂ ಅವರು ಈಗಾಗಲೇ ನುಂಗುತ್ತಿರುವ ಬೇರೆ ಮಾತ್ರೆಗಳಿಗೂ ಹೊಂದಬೇಕು. ಎಷ್ಟೋ ಸಲ ಮೊದಲು ಬೇಕಿರುವುದು ಮಾತ್ರೆಯೇ ಅಲ್ಲ.

ಕೀವು ತುಂಬಿ ಹಣ್ಣಾದ ಕುರುವಿಗೆ ಮೊದಲ ಚಿಕಿತ್ಸೆ ಅದನ್ನು ಕೊಯ್ದು ಕೀವು ತೆಗೆಯುವುದು. ಕೀವಿನ ಗೂಡಿನೊಳಗೆ ರಕ್ತನಾಳಗಳಿಲ್ಲ; ರಕ್ತದಲ್ಲಿ ಹರಿಯುವ ಔಷಧ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ನಮ್ಮ ಹಿರಿಯರು ಸುಣ್ಣಬೆಲ್ಲ ಹಚ್ಚಿ ಕುರು ಒಡೆಯಲೆಂದು ಕಾಯುತ್ತಿದ್ದುದರ ಹಿಂದೆ ಕೀವು ಹೊರಬಂದರೆ ವಾಸಿ ಎಂಬ ಸರಿಯಾದ ತಿಳಿವಳಿಕೆಯೇ ಇತ್ತು. ಸುಣ್ಣ ಚರ್ಮ ಸುಡುತ್ತದೆ, ಹಿಸುಕಿದರೆ ಸೋಂಕು ಒಳಕ್ಕೆ ಹರಡುತ್ತದೆ. ಹಾಗಾಗಿ ಆ ಕೆಲಸ ಶುಚಿಯಾದ ಬ್ಲೇಡು ಹಿಡಿದ ವೈದ್ಯರ ಕೈಯಲ್ಲಿ ಆಗಬೇಕು. ಅಮೆರಿಕದಲ್ಲಿ 786 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. 5 ಸೆಂಟಿಮೀಟರಿಗಿಂತ ದೊಡ್ಡದಲ್ಲದ ಕುರುಗಳನ್ನು ಕೊಯ್ದು, ಕೆಲವರಿಗೆ ಕ್ಲಿಂಡಾಮೈಸಿನ್, ಕೆಲವರಿಗೆ ಕೋಟ್ರೈಮಾಕ್ಸಜೋಲ್, ಉಳಿದವರಿಗೆ ಔಷಧವಿಲ್ಲದ ಸಪ್ಪೆ ಮಾತ್ರೆ ಕೊಟ್ಟರು. ಔಷಧ ತಿಂದವರಲ್ಲಿ ನೂರಕ್ಕೆ ಸುಮಾರು 82-83 ಮಂದಿ ಗುಣವಾದರು. ಸಪ್ಪೆ ಮಾತ್ರೆಯವರಲ್ಲೂ ಸುಮಾರು 69 ಮಂದಿ ಗುಣವಾದರು. ಆ್ಯಂಟಿಬಯಾಟಿಕ್‌ನಿಂದ ಲಾಭ ಇದೆ, ಅಲ್ಲಗಳೆಯುವಂತಿಲ್ಲ. ಆದರೆ ಭಾರದ ಹೆಚ್ಚಿನ ಪಾಲು ಹೊತ್ತಿದ್ದು ಬ್ಲೇಡು.

ಕೊಯ್ದಾಗ ಬಂದ ಕೀವನ್ನು ಒರೆಸಿ ಬಿಸಾಡುವ ಬದಲು ಸ್ವಲ್ಪ ಲ್ಯಾಬಿಗೆ ಕಳಿಸಿದರೆ ಎರಡು ಮೂರು ದಿನದಲ್ಲಿ ವರದಿ ಕೈಗೆ ಬರುತ್ತದೆ. ನಮ್ಮಲ್ಲಿ ಈ ವರದಿಗೆ ಹೆಚ್ಚಿನ ಬೆಲೆ ಇರಲು ಕಾರಣವಿದೆ. 2004ರಲ್ಲಿ ಬಾಂಗ್ಲಾದೇಶ ಮತ್ತು ಭಾರತದಲ್ಲಿ ಎಂಆರ್‌ಎಸ್‌ಎಯ ಒಂದು ತಳಿ ಕಣ್ಣಿಗೆ ಬಿತ್ತು. ವಿಜ್ಞಾನಿಗಳು ಅದನ್ನು ಎಸ್‌ಟಿ772 ಎನ್ನುತ್ತಾರೆ. ಬಂಗಾಳ ಕೊಲ್ಲಿಯ ತಳಿ ಎಂಬ ಅಡ್ಡಹೆಸರೂ ಉಂಟು. ಆಸ್ಪತ್ರೆಯ ಮೆಟ್ಟಿಲು ಹತ್ತದವರಲ್ಲೂ ಚರ್ಮದ ಸೋಂಕು ತರುವ ತಳಿ ಅದು. ಹಲವು ದೇಶಗಳ ಮಾದರಿಗಳ ಜೀನೋಮ್ ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಅದರ ಹುಟ್ಟು ಭಾರತ ಉಪಖಂಡದಲ್ಲೇ ಎಂದು ತೋರಿಸಿತು. ಪ್ರಯಾಣಿಕರ, ಕುಟುಂಬಗಳ ಜೊತೆ ಅದು ಬೇರೆ ಖಂಡಗಳಿಗೂ ಹೋಗಿದೆ. ಪೆನಿಸಿಲಿನ್ ಕುಟುಂಬವಷ್ಟೇ ಅಲ್ಲ, ಎರಿಥ್ರೊಮೈಸಿನ್, ಟ್ರೈಮೆಥೊಪ್ರಿಮ್ ಮುಂತಾದವುಗಳಿಗೂ ಜಗ್ಗದ ಸಾಮಾನು ಅದರ ಬಳಿ ಸಾಮಾನ್ಯವಾಗಿ ಇರುತ್ತದೆ. ಕೋಟ್ರೈಮಾಕ್ಸಜೋಲ್‌ನಲ್ಲಿ ಬೆರೆತ ಎರಡು ಔಷಧಗಳಲ್ಲಿ ಒಂದು ಟ್ರೈಮೆಥೊಪ್ರಿಮ್. ಅಮೆರಿಕದಲ್ಲಿ ಗೆದ್ದ ಮಾತ್ರೆ ಇಲ್ಲಿಯ ತಳಿಯ ಮುಂದೆ ಗೆಲ್ಲುತ್ತದೆ ಎಂದು ತಟ್ಟೆಯನ್ನು ನೋಡದೆ ಹೇಳುವುದು ಕಷ್ಟ.

ತಟ್ಟೆ ಕೆಲವೊಮ್ಮೆ ಕಣ್ಣಿಗೂ ಮೋಸ ಮಾಡುತ್ತದೆ. ಕ್ಲಿಂಡಾಮೈಸಿನ್ ಬಿಲ್ಲೆಯ ಸುತ್ತ ಒಳ್ಳೆಯ ಬಯಲು ಕಾಣಿಸಿತು ಅನ್ನಿ. ಔಷಧ ನಾಟುತ್ತದೆ ಎಂದು ಬರೆದುಬಿಡುವ ಮೊದಲು ಅದರ ಪಕ್ಕದಲ್ಲೇ, ಎರಡು ಸೆಂಟಿಮೀಟರ್ ಆಸುಪಾಸಿನಲ್ಲಿ, ಎರಿಥ್ರೊಮೈಸಿನ್ ಬಿಲ್ಲೆಯನ್ನೂ ಇಟ್ಟು ನೋಡಬೇಕು. ಕೆಲವು ಬ್ಯಾಕ್ಟೀರಿಯಾಗಳ ಪ್ರತಿರೋಧದ ಜೀನ್ ನಿದ್ದೆಯಲ್ಲಿರುತ್ತದೆ. ಎರಿಥ್ರೊಮೈಸಿನ್ ಸೋಕಿದಾಗ ಎದ್ದು ಕೂರುತ್ತದೆ. ಆಗ ಕ್ಲಿಂಡಾಮೈಸಿನ್ನಿನ ದುಂಡು ಬಯಲು ಎರಿಥ್ರೊಮೈಸಿನ್ ಇರುವ ಬದಿಯಲ್ಲಿ ಮಾತ್ರ ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದ ಆಕಾರ ತಾಳುತ್ತದೆ. ಹಾಗೆ ಕಂಡರೆ ಕ್ಲಿಂಡಾಮೈಸಿನ್ ನಂಬುವಂತಿಲ್ಲ: ಮೊದಲೆರಡು ದಿನ ಗುಣ ಕಂಡು ಆಮೇಲೆ ಸೋಂಕು ಮರುಕಳಿಸುವ ಸಂಭವ ಇದೆ. ಎರಡು ಬಿಲ್ಲೆ, ಒಂದು ರಾತ್ರಿ. ಖರ್ಚೂ ಹೆಚ್ಚಿಲ್ಲ. ಇಷ್ಟು ಅಗ್ಗದ ಪರೀಕ್ಷೆ ಇಷ್ಟು ಮುಖ್ಯವಾದ ಮಾತು ಹೇಳುವುದು ವೈದ್ಯಕೀಯದಲ್ಲಿ ಅಪರೂಪ. ವರದಿಯಲ್ಲಿ ಡಿ-ಟೆಸ್ಟ್ ಎಂದು ಬರೆದಿದ್ದರೆ ಅದು ಇದೇ.

ಎಂಆರ್‌ಎಸ್‌ಎಗೆ ನಾಟಬಲ್ಲ ಒಂದೊಂದು ಔಷಧಕ್ಕೂ ಅದರದೇ ಎಚ್ಚರಿಕೆ. ಕ್ಲಿಂಡಾಮೈಸಿನ್ ತಿನ್ನುವಾಗ ನೀರಿನಂತೆ ಭೇದಿ ಶುರುವಾದರೆ ಔಷಧ ಮುಂದುವರಿಸದೆ ವೈದ್ಯರಿಗೆ ತಿಳಿಸಬೇಕು. ಡಾಕ್ಸಿಸೈಕ್ಲಿನ್ ನುಂಗಿದ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಸೆಪ್ಟ್ರಾನ್ ಎಂದು ಜನ ಕರೆಯುವ ಕೋಟ್ರೈಮಾಕ್ಸಜೋಲ್ ಸಲ್ಫಾ ಅಲರ್ಜಿ ಇರುವವರಿಗೆ ವಿಷ. ಬಿಪಿಗೆಂದು ಟೆಲ್ಮಿಸಾರ್ಟನ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತಿನ್ನುವ ಹಿರಿಯರಲ್ಲಿ ಅದು ರಕ್ತದ ಪೊಟ್ಯಾಶಿಯಂ ಏರಿಸುತ್ತದೆ, ಹೃದಯದ ಬಡಿತವೇ ತಪ್ಪುವಷ್ಟು. ಎಪ್ಪತ್ತು ದಾಟಿದ ಅಜ್ಜನಿಗೆ ಮೊಮ್ಮಗನ ಉಳಿದ ಸೆಪ್ಟ್ರಾನ್ ಕೊಡುವ ಮನೆಗಳಿವೆ, ದಯವಿಟ್ಟು ಕೊಡಬೇಡಿ. ವ್ಯಾಂಕೊಮೈಸಿನ್ ಮನೆಯಲ್ಲಿ ತೆಗೆದುಕೊಳ್ಳುವ ಮದ್ದಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ, ಕಿಡ್ನಿಯ ಮೇಲೆ ಕಣ್ಣಿಟ್ಟು, ನಿಧಾನವಾಗಿ ಹರಿಸುವಂಥದ್ದು.

ಉಳಿದದ್ದು ಲಿನೆಜೋಲಿಡ್. ಹೆಚ್ಚು ಹೇಳಬೇಕಿರುವುದು ಅದರ ಬಗ್ಗೆಯೇ. ಅದರ ಕುಟುಂಬದ ಮೊದಲ ಅಣುಗಳನ್ನು ಅಮೆರಿಕದ ಡ್ಯುಪಾಂಟ್ ಕಂಪನಿ ಕಂಡುಹಿಡಿದು, ವಿಷಗುಣ ಕಂಡು ಕೈಬಿಟ್ಟಿತ್ತು. ಮಿಷಿಗನ್ ರಾಜ್ಯದ ಕ್ಯಾಲಮಜೂ ಊರಿನ ಅಪ್‌ಜಾನ್ ಕಂಪನಿಯ ರಸಾಯನಶಾಸ್ತ್ರಜ್ಞರು ಅದೇ ಅಣುಗಳನ್ನು ತಿದ್ದಿ ತೀಡಿದರು. 2000ದ ಏಪ್ರಿಲ್‌ನಲ್ಲಿ ಲಿನೆಜೋಲಿಡ್‌ಗೆ ಅಮೆರಿಕದ ಅನುಮತಿ ಸಿಕ್ಕಿತು. ನುಂಗಿದ ಔಷಧ ಬಹುಪಾಲು ಪೂರ್ತಿಯಾಗಿ ರಕ್ತ ಸೇರುತ್ತದೆ. ಮಾತ್ರೆಯೂ ಡ್ರಿಪ್ಪಿನಷ್ಟೇ ಕೆಲಸ ಮಾಡುತ್ತದೆ. ಎಂಆರ್‌ಎಸ್‌ಎ ಇರುವ ರೋಗಿಯನ್ನು ಆಸ್ಪತ್ರೆಯಿಂದ ಬೇಗ ಮನೆಗೆ ಕಳಿಸಬಹುದಾದದ್ದು ಈ ಗುಣದಿಂದ. ಸಾಮಾನ್ಯವಾಗಿ ದೊಡ್ಡವರಿಗೆ 600 ಮಿಲಿಗ್ರಾಂ, 12 ಗಂಟೆಗೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾದಿರಿಸಿದ ಔಷಧಗಳ ಗುಂಪಿನಲ್ಲಿಟ್ಟಿದೆ: ಬೇರೆ ದಾರಿ ಇಲ್ಲದಾಗ ಮಾತ್ರ ತೆಗೆಯಬೇಕಾದದ್ದು.

ಬ್ಯಾಕ್ಟೀರಿಯಾದೊಳಗಿನ ರೈಬೋಸೋಮನ್ನು ಪ್ರೋಟೀನ್ ನೇಯುವ ಮಗ್ಗ ಅನ್ನಬಹುದು. ಹಾಸು ಹೂಡುವ ಹಂತದಲ್ಲೇ ಲಿನೆಜೋಲಿಡ್ ಆ ಮಗ್ಗವನ್ನು ತಡೆದು ನಿಲ್ಲಿಸುತ್ತದೆ. ತೊಂದರೆ ಎಲ್ಲಿ ಎಂದರೆ, ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಕೂಡ ಬಹು ಹಿಂದೆ ಬ್ಯಾಕ್ಟೀರಿಯಾದಿಂದಲೇ ಬಂದದ್ದು. ಅದರ ಮಗ್ಗಕ್ಕೂ ಬ್ಯಾಕ್ಟೀರಿಯಾದ ಮಗ್ಗಕ್ಕೂ ಹೋಲಿಕೆ ಉಂಟು. ಹತ್ತು ದಿನ ನುಂಗಿದರೆ ದೇಹ ತಡೆದುಕೊಳ್ಳುತ್ತದೆ. ವಾರಗಟ್ಟಲೆ ನುಂಗಿದರೆ ಮೂಳೆಯೊಳಗಿನ ಮಜ್ಜೆ ಸೋಲುತ್ತದೆ. ಮೊದಲು ಕುಸಿಯುವುದು ಹೆಚ್ಚಾಗಿ ಪ್ಲೇಟ್‌ಲೆಟ್, ಜೊತೆಗೆ ಹಿಮೋಗ್ಲೋಬಿನ್, ಬಿಳಿ ರಕ್ತಕಣ. ಕಿಡ್ನಿ ದುರ್ಬಲವಾದವರಲ್ಲಿ ಇದು ಬೇಗ. ಅದಕ್ಕಾಗಿಯೇ ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ ಮಾಡಿಸಬೇಕು. ಔಷಧ ನಿಲ್ಲಿಸಿದರೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ. ನಾಲ್ಕು ವಾರ ದಾಟಿದರೆ ಕೈಕಾಲು ಜೋಮು, ಉರಿ, ಕಣ್ಣು ಮಂಜಾಗುವುದು, ಬಣ್ಣ ಮಾಸಿ ಕಾಣುವುದು ಶುರುವಾಗಬಹುದು. ಈ ನರದ ಹಾನಿ ಪೂರ್ತಿ ಗುಣವಾಗದೇ ಉಳಿಯುವುದೂ ಇದೆ. ಚರ್ಮದ ಸೋಂಕಿಗೆ ಇಷ್ಟು ದಿನ ಬೇಕಾಗುವುದೇ ಇಲ್ಲ. ಮಾಮೂಲಿ ಸೋಂಕಿಗೆ ಐದರಿಂದ ಹತ್ತು ದಿನ, ತೀವ್ರವಾದುದಕ್ಕೆ ಹತ್ತರಿಂದ ಹದಿನಾಲ್ಕು. ದಿನ ಎಷ್ಟೆಂದು ವೈದ್ಯರು ಚೀಟಿಯಲ್ಲಿ ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ.

ಇನ್ನೊಂದು ಅಪಾಯ ಮನೆಯ ಔಷಧ ಡಬ್ಬಿಯಲ್ಲಿದೆ. ಮಿದುಳಿನ ಸೆರೊಟೊನಿನ್ ಮುಂತಾದವನ್ನು ಕರಗಿಸುವ ಕಿಣ್ವವೊಂದನ್ನು ಲಿನೆಜೋಲಿಡ್ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕುರುವಿನ ನೋವಿಗೆಂದು ಬರೆದುಕೊಡುವ ಟ್ರಮಾಡಾಲ್, ಕೆಮ್ಮಿನ ಸಿರಪ್ಪಿನ ಡೆಕ್ಸ್‌ಟ್ರೊಮೆಥಾರ್ಫನ್, ಖಿನ್ನತೆಗೆ ತಿನ್ನುವ ಎಸ್ಸಿಟಲೊಪ್ರಾಮ್, ಸರ್ಟ್ರಲೀನ್ ಇವೆಲ್ಲ ಸೆರೊಟೊನಿನ್ ಹೆಚ್ಚಿಸುವವೇ. ಒಟ್ಟಾದರೆ ನಡುಕ, ಬೆವರು, ಜ್ವರ, ಚಡಪಡಿಕೆ, ಗೊಂದಲ ಕಾಣಿಸಬಹುದು. ಹಾಗೆಂದು ಹೆದರಿ ಖಿನ್ನತೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅಪಾಯ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಲಿನೆಜೋಲಿಡ್ ತಿಂದ 1134 ಹಿರಿಯರ ದಾಖಲೆ ನೋಡಿದ 2022ರ ಅಧ್ಯಯನದಲ್ಲಿ ಈ ತೊಂದರೆ ಇನ್ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ ಕಂಡಿತು. ಅಪರೂಪ ಹೌದು, ಆದರೆ ವೈದ್ಯರಿಗೆ ಗೊತ್ತಿದ್ದರೆ ಅವರು ಬೇರೆ ನೋವಿನ ಮಾತ್ರೆ ಆರಿಸುತ್ತಾರೆ, ಲಕ್ಷಣ ಕಂಡರೆ ಕೂಡಲೇ ಗುರುತಿಸುತ್ತಾರೆ. ಮನೆಯಲ್ಲಿ ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿಯನ್ನು, ಆಗದಿದ್ದರೆ ಡಬ್ಬಿಯನ್ನೇ, ಜೊತೆಗೆ ಒಯ್ಯಿರಿ. ಮೂಗು ಕಟ್ಟಿದ್ದಕ್ಕೆ ತಿನ್ನುವ ಶೀತದ ಮಾತ್ರೆಯನ್ನೂ ಅದರಲ್ಲಿ ಸೇರಿಸಿ, ಅದರಲ್ಲಿರುವ ಕೆಲವು ಅಂಶಗಳು ಲಿನೆಜೋಲಿಡ್ ಜೊತೆ ಬಿಪಿ ಏರಿಸುತ್ತವೆ.

ಲಿನೆಜೋಲಿಡ್ ಆ ಕಿಣ್ವವನ್ನು ತಡೆಯುವ ಕಾರಣಕ್ಕೇ ಊಟದಲ್ಲೂ ತುಸು ಹಿಡಿತ ಬೇಕು. ಹಳತಾದ ಚೀಸ್, ಹುದುಗಿಸಿ ಒಣಗಿಸಿದ ಮಾಂಸ, ಸೋಯಾ ಸಾಸ್, ಪೀಪಾಯಿಯಿಂದ ಹಿಡಿದುಕೊಡುವ ಬಿಯರ್ ಇವುಗಳಲ್ಲಿ ಟೈರಮೀನ್ ಎಂಬ ಅಂಶ ಹೆಚ್ಚು. ಔಷಧ ತಿನ್ನುವ ದಿನಗಳಲ್ಲಿ ಅವನ್ನು ತಟ್ಟೆ ತುಂಬ ತಿಂದರೆ ಬಿಪಿ ಜಿಗಿಯಬಹುದು. ಅನ್ನ, ಸಾರು, ಮುದ್ದೆ, ಚಪಾತಿಗೆ ಈ ಗೊಡವೆ ಇಲ್ಲ.

ಸಕ್ಕರೆ ಕಾಯಿಲೆಯವರಿಗೆ ಪ್ರತ್ಯೇಕವಾಗಿ ಹೇಳಲೇಬೇಕು. ಕುರು ಪದೇ ಪದೇ ಏಳುವುದು, ದೊಡ್ಡದಾಗುವುದು ಹೆಚ್ಚಾಗಿ ಅವರಿಗೇ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಲಿನೆಜೋಲಿಡ್ ಸಕ್ಕರೆಯನ್ನು ಇನ್ನಷ್ಟು ತಗ್ಗಿಸಿದ ಉದಾಹರಣೆಗಳಿವೆ, ಔಷಧದ ಅಧಿಕೃತ ಎಚ್ಚರಿಕೆಯಲ್ಲೂ ಅದು ಸೇರಿದೆ. ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬಂದರೆ ಸೋಂಕಿನ ಸುಸ್ತು ಎಂದು ಮಲಗಿಬಿಡದೆ ಗ್ಲುಕೋಮೀಟರ್ ಹಿಡಿದು ನೋಡಬೇಕು.

ಈ ಮಾತ್ರೆಯನ್ನು ಜೋಪಾನ ಮಾಡಬೇಕಾದದ್ದು ಕುರುವಿನವರಿಗಾಗಿ ಮಾತ್ರವಲ್ಲ. ಔಷಧಕ್ಕೆ ಜಗ್ಗದ ಕ್ಷಯದ ಚಿಕಿತ್ಸೆ ಈಗ ನಿಂತಿರುವುದು ಇದರ ಮೇಲೆ. ದಕ್ಷಿಣ ಆಫ್ರಿಕಾದಲ್ಲಿ ಅತ್ಯಂತ ಕಠಿಣ ಕ್ಷಯ ಇದ್ದ 109 ಜನರಿಗೆ ಬೆಡಾಕ್ವಿಲಿನ್, ಪ್ರೆಟೊಮನಿಡ್ ಜೊತೆ ಲಿನೆಜೋಲಿಡ್ ಕೊಟ್ಟಾಗ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಒಳ್ಳೆಯ ಫಲಿತಾಂಶ ಸಿಕ್ಕಿತು. ದಿನಕ್ಕೆ 1200 ಮಿಲಿಗ್ರಾಂ, ತಿಂಗಳುಗಟ್ಟಲೆ. ಅವರಲ್ಲಿ ನೂರಕ್ಕೆ 81 ಮಂದಿಗೆ ನರದ ತೊಂದರೆಯೂ ಬಂತು. ಮುಂದಿನ ಅಧ್ಯಯನದಲ್ಲಿ ದಿನದ ಪ್ರಮಾಣವನ್ನು 600ಕ್ಕೆ ಇಳಿಸಿದಾಗ ಆ ತೊಂದರೆ 24ಕ್ಕೆ ಬಂತು, ಗುಣವಾಗುವವರ ಪ್ರಮಾಣ ಕುಗ್ಗಲಿಲ್ಲ. 2024ರಲ್ಲಿ ಭಾರತ ಸರ್ಕಾರವೂ ಮಾಕ್ಸಿಫ್ಲಾಕ್ಸಸಿನ್ ಸೇರಿದ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದೆ. ಕೆಮ್ಮಿನ ಜೊತೆ ಬೆಳೆಯುತ್ತಿರುವ ಕ್ಷಯ ಒಳಗಿದ್ದು, ಕುರುವಿಗೆಂದು ಕಟ್ಟೆಯ ಮೇಲೆ ಕೊಂಡ ಲಿನೆಜೋಲಿಡ್ ನುಂಗಿದವನ ಪರಿಸ್ಥಿತಿ ಊಹಿಸಿ. ಕ್ಷಯ ಗುಣವಾಗುವುದಿಲ್ಲ, ಪತ್ತೆ ತಡವಾಗುತ್ತದೆ, ಕೊನೆಗೆ ಉಳಿಸಬೇಕಾದ ಔಷಧಕ್ಕೇ ಆ ಕ್ರಿಮಿ ಪಳಗುವ ಭಯ ಇದೆ.

ಲಿನೆಜೋಲಿಡ್‌ಗೂ ಜಗ್ಗದ ಸ್ಟೆಫಿಲೊಕಾಕಸ್ 2001ರಲ್ಲೇ, ಅಂದರೆ ಅನುಮತಿ ಸಿಕ್ಕ ಮರುವರ್ಷವೇ, ವರದಿಯಾಯಿತು. 2008ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನ ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ 12 ರೋಗಿಗಳಲ್ಲಿ ಅಂಥ ಎಂಆರ್‌ಎಸ್‌ಎ ಹಬ್ಬಿತು. ಅಲ್ಲಿನವರು ಲಿನೆಜೋಲಿಡ್ ಬಳಕೆಯನ್ನು ತೀವ್ರವಾಗಿ ಕಡಿತಗೊಳಿಸಿದರು, ಸೋಂಕಿತರನ್ನು ಪ್ರತ್ಯೇಕಿಸಿದರು, ಶುಚಿತ್ವ ಬಿಗಿಗೊಳಿಸಿದರು. ಹಬ್ಬುವುದು ನಿಂತಿತು. ಇದು ನನಗೆ ತುಂಬ ಭರವಸೆ ಕೊಡುವ ಘಟನೆ. ಬಳಕೆ ತಗ್ಗಿಸಿ ಶುಚಿತ್ವ ಕಾಯ್ದರೆ ಪರಿಸ್ಥಿತಿ ಸುಧಾರಿಸುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟ ನಿದರ್ಶನ ಹೆಚ್ಚು ಸಿಗುವುದಿಲ್ಲ.

ಕೆಂಪಾಗಿ, ಬಿಸಿಯಾಗಿ ಹರಡುವ ಚರ್ಮದ ಸೋಂಕೆಲ್ಲ ಎಂಆರ್‌ಎಸ್‌ಎ ಅಲ್ಲ. ಕೀವಿಲ್ಲದೆ ಕಾಲು ಕೆಂಪೇರಿ ಊದುವುದಕ್ಕೆ ಹೆಚ್ಚಾಗಿ ಸ್ಟ್ರೆಪ್ಟೊಕಾಕಸ್ ಕಾರಣ; ಅದಕ್ಕೆ ಹಳೆಯ ಪೆನಿಸಿಲಿನ್ ಕುಟುಂಬವೇ ಸರಿಯಾದ ಮದ್ದು. ಗಜಕರ್ಣಕ್ಕೆ ಕಾರಣ ಶಿಲೀಂಧ್ರ, ಆ್ಯಂಟಿಬಯಾಟಿಕ್‌ಗೆ ಅಲ್ಲಿ ಕೆಲಸವಿಲ್ಲ. ಸ್ಟಿರಾಯ್ಡ್ ಬೆರೆಸಿದ ಮುಲಾಮು ಅದನ್ನು ಹೆಚ್ಚಿಸುತ್ತದೆ. ಕೆಂಪಿನ ಅಂಚಿನಲ್ಲಿ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಹರಡುತ್ತಿದೆಯೋ ಇಲ್ಲವೋ ಮರುದಿನ ತಿಳಿಯುತ್ತದೆ. ಎರಡು ಮೂರು ದಿನ ಔಷಧ ತಿಂದರೂ ಗೆರೆ ದಾಟಿದರೆ ವೈದ್ಯರ ಬಳಿ ಮತ್ತೆ ಹೋಗಬೇಕು. ಚಳಿಜ್ವರ, ಕಾಣುವ ಗಾಯಕ್ಕೆ ಮೀರಿದ ನೋವು, ಚರ್ಮ ಕಪ್ಪಾಗುವುದು, ಮಂಪರು, ಮೂಗು-ಕಣ್ಣಿನ ಸುತ್ತಲ ಕುರು ಇವುಗಳಲ್ಲಿ ಯಾವುದಿದ್ದರೂ ಮರುದಿನಕ್ಕೆ ಕಾಯುವಂತಿಲ್ಲ, ಆ ಗಂಟೆಯೇ ಆಸ್ಪತ್ರೆ.

ಗುಣವಾದ ಮೇಲೂ ವರ್ಷದಲ್ಲಿ ನಾಲ್ಕಾರು ಸಲ ಕುರು ಮರಳಿ ಬರುವ ಮನೆಗಳಿವೆ. ಇನ್ನೊಂದು ಸುತ್ತು ಮಾತ್ರೆ ನುಂಗುವ ಬದಲು ಬ್ಯಾಕ್ಟೀರಿಯಾ ಎಲ್ಲಿ ಕೂತಿದೆ ಎಂದು ನೋಡುವುದು ಆಗ ಸರಿಯಾದ ಕ್ರಮ. ಮೂಗಿನೊಳಕ್ಕೆ ಮ್ಯುಪಿರೋಸಿನ್ ಮುಲಾಮು, ಮೈಗೆ ಕ್ಲೋರ್‌ಹೆಕ್ಸಿಡಿನ್ ಸ್ನಾನ, ಐದು ದಿನ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇದನ್ನು ಕುರು ಎದ್ದ ಮಗುವಿಗೆ ಮಾತ್ರ ಮಾಡಿಸಿದಾಗ ವರ್ಷದೊಳಗೆ ನೂರಕ್ಕೆ 72 ಮಕ್ಕಳಿಗೆ ಸೋಂಕು ಮರಳಿತು. ಮನೆಯವರೆಲ್ಲರಿಗೂ ಒಟ್ಟಿಗೆ ಮಾಡಿಸಿದಾಗ 52ಕ್ಕೆ ಇಳಿಯಿತು. ಅದನ್ನು ವೈದ್ಯರು ಹೇಳಿದರೆ ಅಪ್ಪ, ಅಮ್ಮ, ಅಜ್ಜಿ, ಮಕ್ಕಳು ಎಲ್ಲರೂ ಒಂದೇ ದಿನ ಶುರುಮಾಡಬೇಕು, ಆ ಐದು ದಿನವೂ ಟವೆಲ್, ದಿಂಬಿನ ಕವರು, ಒಳ ಉಡುಪು ಬಿಸಿನೀರಿಗೆ ಬೀಳಬೇಕು, ಒಬ್ಬರ ಟವೆಲ್, ಒಬ್ಬರ ರೇಜರ್ ಇನ್ನೊಬ್ಬರು ಮುಟ್ಟಬಾರದು.